ದಿನಾ ಸರ್ವಿಸ್ ಆದ ಗಾಡಿ

ನಂಜನಗೂಡಿನ ಪೈಂಟು ಅಂಗಡಿ ನಂಜೇಶನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು. ಮದುವೆಯಾಗಿ ಹದಿನೇಳು ವರ್ಷವಾದರೂ ವಿಶಾಲಮ್ಮ ಅವನು ಮಾಡಿದ ಯಾವ ಕೆಲಸಕ್ಕೂ ಒಂದು ಸಲವಾದರೂ ‘ರೈಟ್’ ಅಂದವಳಲ್ಲ. ಅವನು ತಂದ ಬದನೆಕಾಯಿ ಹುಳುಕು, ಅವನು ಹೊಡೆಸಿದ ಗೋಡೆಬಣ್ಣ ಆಸ್ಪತ್ರೆಯ ಬಣ್ಣ (ಬಣ್ಣ ಮಾರುವವನಿಗೇ ಈ ಮಾತು!), ಅವನ ಆಕಳಿಕೆ ಕೂಡ ಹೊತ್ತಲ್ಲದ ಹೊತ್ತಿನದು.

ಈಚೆಗೆ ಅವಳು ತಪ್ಪು ಹುಡುಕುವುದನ್ನೂ ಬಿಟ್ಟಿದ್ದಳು. ನಂಜೇಶನಿಗೆ ನಿಜವಾಗಿ ದಿಗಿಲಾದದ್ದು ಆಗ. ಮಕ್ಕಳಿಲ್ಲದ ಮನೆ. ಒಂದು ಕಾಲಕ್ಕೆ ಅದೇ ಹಜಾರದಲ್ಲಿ ಹನ್ನೊಂದು ಎಲೆ ಹಾಕುತ್ತಿದ್ದರು. ಪಾಲಾದ ಮೇಲೆ ಅಣ್ಣ ದೊಡ್ಡಸಿದ್ದಯ್ಯ ಕಳಲೆಗೆ ಹೋದ, ತಮ್ಮ ಮಲ್ಲಿಕಾರ್ಜುನ ಊರಾಚೆಯ ಹೊಸ ಬಡಾವಣೆಗೆ ಹೋದ. ತಂಗಿ ಪವಿತ್ರ ಮೊದಲೇ ಟಿ. ನರಸೀಪುರದ ಸೊಸೆ. ಈಗ ಎರಡೇ ತಟ್ಟೆ. ಸಂಜೆ ಅವನು ಅಂಗಡಿಯಿಂದ ಬಂದರೆ ವಿಶಾಲಮ್ಮ ಕುಕ್ಕರಿನ ಜೊತೆ ಮಾತಾಡುತ್ತಿರುತ್ತಿದ್ದಳು. “ಬಂದೆ ಕಣಮ್ಮಾ, ಅಷ್ಟ್ಯಾಕೆ ಕೂಗ್ತೀಯ?” ಗಂಡನಿಗಿಂತ ಕುಕ್ಕರ್ ಹೆಚ್ಚು ಮಾತಾಡುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಏನು ಮಾತಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಬಹಳ ಯೋಚಿಸಿ ಅವನೊಂದು ಮಹಾಸತ್ಯ ಕಂಡುಕೊಂಡ. ನೆಂಟರು ದೂರವಾದದ್ದು ಮನಸ್ಸು ಕೆಟ್ಟಲ್ಲ, ವಾಹನದ ಅಭಾವದಿಂದ! ಸ್ಕೂಟರಿನಲ್ಲಿ ಎಷ್ಟು ಜನರನ್ನು ಹೇರಲಾದೀತು? ಎಂಟು ಸೀಟಿನ ಮಾರುತಿ ವ್ಯಾನೊಂದಿದ್ದರೆ ಇಡೀ ವಂಶವನ್ನೇ ಒಟ್ಟಿಗೆ ಹೊತ್ತು ತಿರುಗಬಹುದು. ತಿಂಗಳೊಪ್ಪತ್ತಿನಲ್ಲಿ ಡ್ರೈವಿಂಗ್ ಕಲಿತ. ಟಿ. ನರಸೀಪುರದಲ್ಲಿ ರವಿಕುಮಾರ ಎಂಬವನ ಬಳಿ ಹಳೇ ವ್ಯಾನಿದೆ ಎಂದು ತಿಳಿದು ಅಲ್ಲಿಗೆ ಓಡಿದ.

“ಗಾಡಿ ಹೆಂಗಪ್ಪಾ?”

“ದಿನಾ ಸರ್ವಿಸ್ ಸಾ. ಆರ್ ವರ್ಸದಲ್ಲಿ ಅಬ್ಬ ಅರಿದಿನಾನೂ ತಪ್ಸಿಲ್ಲ.”

ನಂಜೇಶ ಬೆರಗಾದ. ಅವನ ಸ್ಕೂಟರಿಗೆ ಸರ್ವಿಸ್ ಆಗುತ್ತಿದ್ದದ್ದು ಆಯುಧಪೂಜೆಗೊಮ್ಮೆ. “ದಿನಕ್ಕೊಂದು ಸಲವೇ?”

“ಒಂದಾ? ನಾಕ್ ಸಲ ಸಾ! ಮದ್ವೆ ಸೀಜನ್ನಲ್ಲಿ ಆರು.”

ಹೆತ್ತ ತಾಯಿಯೂ ಮಗುವನ್ನು ಇಷ್ಟು ಜತನ ಮಾಡಲಾರಳು ಅಂದುಕೊಂಡ ನಂಜೇಶ, ಎಂಜಿನ್ನನ್ನೂ ಒಮ್ಮೆ ನೋಡದೆ ಒಪ್ಪಿಕೊಂಡುಬಿಟ್ಟ.

ಗಾಡಿ ಮನೆಮುಂದೆ ನಿಂತಾಗ ವಿಶಾಲಮ್ಮ ಸುತ್ತ ಒಂದು ಪ್ರದಕ್ಷಿಣೆ ಬಂದಳು. “ಇರೋದು ಇಬ್ರು. ಮಿಕ್ಕ ಆರು ಸೀಟಿಗೆ ಯಾರನ್ನ ಕೂರಿಸ್ತೀರಿ?”

“ನಮ್ಮೋರೆಲ್ಲ ಇಲ್ವೇನೇ? ಭಾನುವಾರ ತಲಕಾಡಿಗೆ ಹೋಗೋಣ. ಎಲ್ಲರಿಗೂ ಫೋನ್ ಮಾಡ್ತೀನಿ.”

ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತು. ಭಾನುವಾರ ಐದಕ್ಕೇ ಎದ್ದು ಎಂಟು ಜನಕ್ಕೆ ಪುಳಿಯೋಗರೆ, ಮೊಸರನ್ನ, ಆಂಬೊಡೆ ಮಾಡಿ ಡಬ್ಬಿ ತುಂಬಿದಳು. ಏಳಕ್ಕೆ ಕಳಲೆಯಿಂದ ಫೋನು: ಎಮ್ಮೆ ಈಯುತ್ತದೆ, ಬರಲಾಗದು. ಏಳೂವರೆಗೆ ಮಲ್ಲಿಕಾರ್ಜುನನದು: ಮಗಳು ನಯನಳಿಗೆ ಟೆಸ್ಟು. ಎಂಟಕ್ಕೆ ಪವಿತ್ರ: “ಅಣ್ಣಾ, ನಾಮಕರಣಕ್ಕೆ ಹೊರಟಿದ್ದೀವಿ, ಮನೆಗೆ ಬೀಗ. ಬೇಜಾರ್ ಮಾಡ್ಕೋಬೇಡ.” ಬೇಜಾರಾಯಿತು. ವಿಶಾಲಮ್ಮ ಡಬ್ಬಿಗಳನ್ನು ಹಿಂದಿನ ಸೀಟಿನ ಮೇಲೆ ಸಾಲಾಗಿ ಕೂರಿಸಿ, ಮುಂದೆ ಬಂದು ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಟಿ. ನರಸೀಪುರದ ರಸ್ತೆಗೆ ಬಿದ್ದ ಮೇಲೆ ಒಂದು ವಿಚಿತ್ರ ನಡೆಯಿತು. ಊರೂರಿನ ಸ್ಟಾಪಿನಲ್ಲೂ ಜನ ಕೈ ಎತ್ತುತ್ತಿದ್ದರು. ನಂಜೇಶನ ಎದೆ ಉಬ್ಬಿತು. “ನೋಡಿದ್ಯಾ? ಗಾಡಿ ತಗೊಂಡ್ರೆ ಮರ್ಯಾದೆನೇ ಬೇರೆ!” ಅವನೂ ಒಂದು ಕೈ ಎತ್ತಿ ನಮಸ್ಕರಿಸುತ್ತ ಗಂಭೀರವಾಗಿ ಸಾಗಿದ. ಅವರು ಹಿಂದಿನಿಂದ ಬೈಯುತ್ತಿದ್ದದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಮುಂದೊಂದು ಸ್ಟಾಪಿನ ಬಳಿ ಕುರಿಮಂದೆ ಅಡ್ಡ ಬಂದು ಬ್ರೇಕು ಹಾಕಿದ್ದೇ ತಡ, ಬಾಗಿಲು ಗರ್ರನೆ ಸರಿಯಿತು. ಬದನೆಕಾಯಿ ಬುಟ್ಟಿಯ ಮುದುಕಿಯೊಬ್ಬಳು, ಅವಳ ಹಿಂದೆ ಒಬ್ಬ ಹೆಂಗಸು, ಕಂಕುಳಲ್ಲಿ ಕೋಳಿ ಇರುಕಿಕೊಂಡ ಒಬ್ಬ ಯಜಮಾನ, ಅವನ ಹಿಂದೆ ಇನ್ನೂ ಮೂವರು!

“ಮೂರ್ ವಾರದಿಂದ ಎಲ್ ಓಗಿತ್ತು ಸಾ ಗಾಡಿ?” ಮುದುಕಿ ಗದರಿದಳು. “ಕಾದೂ ಕಾದೂ ಕಾಲು ಬಿದ್ದೋಯ್ತು. ರವಿ ಎಲ್ಲಿ? ನೀನ್ ಒಸಾ ಡ್ರೈವರಾ?”

“ಇಳೀರಿ, ಇಳೀರಿ! ಇದು ಫ್ಯಾಮಿಲಿ ಗಾಡಿ!”

“ನಾವೇನ್ ಬೀದೀಲಿ ಬಿದ್ದೋರಾ? ನಮ್ದೂ ಫ್ಯಾಮಿಲಿನೇ. ಇವ್ಳು ನನ್ ಸೊಸೆ.”

“ಇದು ಸರ್ವಿಸ್ ಗಾಡಿ ಅಲ್ವಾ ಸಾ?” ಅಂದ ಕೋಳಿಯ ಮಾರಯ್ಯ. “ದಿನಾ ನಾಕ್ ಟ್ರಿಪ್ಪು ಬತ್ತಿತ್ತಲ್ಲ!”

ಯಾವ ಸರ್ವಿಸ್ ಎಂಬುದು ನಂಜೇಶನಿಗೆ ಆಗ ಹೊಳೆಯಿತು. ಹೆಂಡತಿ ಈಗ ಶುರುಮಾಡುತ್ತಾಳೆ ಎಂದು ಹೆದರಿ ಪಕ್ಕಕ್ಕೆ ನೋಡಿದ. ಅವಳು ಅಲ್ಲಿರಲಿಲ್ಲ. ಇಳಿದು ಹಿಂದೆ ಹೋಗಿ ಮುದುಕಿಯ ಪಕ್ಕ ಒತ್ತಿಕೊಂಡು ಕೂತು, “ನಿಮ್ಮ ಹೆಸರೇನಮ್ಮಾ?” ಎಂದು ವಿಚಾರಿಸುತ್ತಿದ್ದಳು.

“ರಾಮಮ್ಮ ಕನವ್ವ. ತಿಂಡಿ ಆಯ್ತಾ?”

ಯಾರೋ ತನ್ನನ್ನು ತಿಂಡಿ ಆಯ್ತಾ ಎಂದು ಕೇಳಿದ್ದಕ್ಕೆ ವಿಶಾಲಮ್ಮನ ಕಣ್ಣು ತುಂಬಿತು. ಡಬ್ಬಿಗಳ ಮುಚ್ಚಳ ತೆರೆದುಕೊಂಡವು. ಆಂಬೊಡೆಗೆ ಉಪ್ಪು ಸಾಲದು ಎಂದು ರಾಮಮ್ಮ ಅಂದರೆ ವಿಶಾಲಮ್ಮ ಬಿದ್ದು ಬಿದ್ದು ನಕ್ಕಳು. (ಅದೇ ಮಾತನ್ನು ಗಂಡ ಆಡಿದ್ದರೆ!) ಡ್ರೈವರಿಗೆ ಸಿಕ್ಕಿದ್ದು ಪುಳಿಯೋಗರೆಯ ವಾಸನೆ ಮಾತ್ರ.

ಟಿ. ನರಸೀಪುರದಲ್ಲಿ ಎಲ್ಲರೂ ಇಳಿದರು. “ವಾಪಸ್ ಎಷ್ಟೊತ್ಗವ್ವಾ?” ಎಂದಳು ರಾಮಮ್ಮ. ನಂಜೇಶ ಬಾಯಿ ತೆರೆಯುವಷ್ಟರಲ್ಲಿ ವಿಶಾಲಮ್ಮ, “ನಾಲ್ಕಕ್ಕೆ. ಇಲ್ಲೇ ಇರ್ತೀವಿ” ಅಂದಳು.

ತಲಕಾಡು ಅಲ್ಲಿಗೇ ಮುಗಿಯಿತು. ನಾಲ್ಕರತನಕ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು. ವಿಶಾಲಮ್ಮ ರಾಮಮ್ಮನ ಮನೆಯ ಕಥೆಯನ್ನು ಬಿಡದೆ ಹೇಳಿದಳು: ಸೊಸೆಯ ಬಾಣಂತನ, ಬದನೆಗೆ ಬಿದ್ದ ಹುಳು, ಎಲ್ಲ. ನಂಜೇಶ ಹೂಂಗುಟ್ಟಿದ. ಇಷ್ಟು ಮಾತು ಇವಳೊಳಗೆ ಇಷ್ಟು ದಿನ ಎಲ್ಲಿತ್ತು, ತಾನು ಯಾಕೆ ಒಂದು ದಿನವೂ ಕೇಳಲಿಲ್ಲ ಎಂದು ಅವನಿಗೆ ಸಂಕಟವಾಯಿತು.

ನಾಲ್ಕಕ್ಕೆ ಹತ್ತು ಜನ ಸೇರಿದ್ದರು. ಮಾರಯ್ಯನ ಕಂಕುಳಲ್ಲಿ ಅದೇ ಕೋಳಿ.

“ಅಳಿಯ ಅಯ್ಯಪ್ಪನ ಮಾಲೆ ಆಕವ್ನೆ ಸಾ, ಕೋಳಿ ಬ್ಯಾಡ ಅಂದ. ಇಂದ್ಗಡೆ ಜಾಗ ಇಲ್ಲ, ಇದು ನಿಮ್ ಪಕ್ಕ ಇರ್ಲಿ.” ಕಾಲು ಕಟ್ಟಿದ ಕೋಳಿಯನ್ನು ಮುಂದಿನ ಸೀಟಿನ ಮೇಲೆ ಕೂರಿಸಿ ಅವನು ಹಿಂದೆ ತೂರಿಕೊಂಡ.

ಗಾಡಿ ತುಂಬಿತ್ತು. ನಂಜೇಶ ಬಯಸಿದ್ದೂ ಅದನ್ನೇ. ಆದರೆ ನಗು, ಮಾತು, ಎಲೆಅಡಿಕೆ ಎಲ್ಲ ಅವನ ಬೆನ್ನ ಹಿಂದೆ. ತಿರುಗಿ ನೋಡಲಾಗದ ಸೀಟು ಇಡೀ ಗಾಡಿಯಲ್ಲಿ ಅವನದೊಂದೇ.

ಬಾಗಿಲು ಗರ್ರನೆ ಮುಚ್ಚಿತು. ಯಾರೋ ತಗಡನ್ನು ಎರಡು ಸಲ ತಟ್ಟಿದರು. ಆಮೇಲೆ ವಿಶಾಲಮ್ಮನ ದನಿ, ಖುಷಿಯಲ್ಲಿ, ಗಟ್ಟಿಯಾಗಿ: “ರೈಟ್! ರೈಟ್!”

ಹದಿನೇಳು ವರ್ಷ ಕಾದ ಮಾತು! ನಂಜೇಶ ಗಾಡಿ ಬಿಡುವುದನ್ನೇ ಮರೆತು ಹಿಂದೆ ತಿರುಗಿದ. “ಏನಂದೆ ವಿಶಾಲೂ?”

“ನಿಮಗಲ್ಲ ಕಣ್ರೀ, ಗಾಡಿಗಂದೆ. ಮುಂದೆ ನೋಡ್ಕೊಂಡು ಓಡಿಸಿ.”

ಪಕ್ಕದ ಸೀಟಿನ ಕೋಳಿಯೊಂದೇ ಕತ್ತು ಓರೆ ಮಾಡಿ ಅವನ ಮುಖ ನೋಡಿತು. “ಹೊರಡೋಣ ಕಣಮ್ಮಾ” ಎಂದು ಅದಕ್ಕೆ ಹೇಳಿ ನಂಜೇಶ ಗೇರು ಹಾಕಿದ.