ಹತ್ತಿ ಸಟ್ಟಾ, ಆರಿದ ಸಾರು

ಇದ್ದ ದುಡ್ಡು ಬೆಳೆಯಬೇಕು ಅಂತ ಮನುಷ್ಯ ಒದ್ದಾಡುತ್ತಿರುವವರೆಗೂ ನಗುವುದಕ್ಕೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಹೊಸಪೇಟೆಯ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದೇ ಬಂದು ಕಟ್ಟೆಯ ಮೇಲೆ ಕೂರುತ್ತಿತ್ತು.

ನಮ್ಮ ಸೀಮೆ ಮದರಾಸು ಸರ್ಕಾರಕ್ಕೆ ಸೇರಿದ್ದ ಕಾಲ. ಯುದ್ಧ ಬರುತ್ತದೆ ಅಂತ ಬೆಳಿಗ್ಗೆ ಸುದ್ದಿ, ಬರುವುದಿಲ್ಲ ಅಂತ ಸಂಜೆ ಸುದ್ದಿ. ಅದಕ್ಕೆ ತಕ್ಕಂತೆ ಹತ್ತಿ ಧಾರಣೆ ಏರುತ್ತಿತ್ತು, ಇಳಿಯುತ್ತಿತ್ತು. ನಮ್ಮ ಅಂಗಡಿಯ ಮುಂದೆ ಎರಡು ಕಟ್ಟೆ. ಎಡಗಟ್ಟೆಯಲ್ಲಿ ಸಟ್ಟಾದವರು. ಇವರು ಹತ್ತಿಯನ್ನು ಕಣ್ಣಿನಿಂದಲೂ ನೋಡದೆ, ಮುಂದಿನ ತಿಂಗಳುಗಳ ಬಾಂಬೆ ಧಾರಣೆಯ ಮೇಲೆ ಬಾಜಿ ಕಟ್ಟುವವರು. ಬಲಗಟ್ಟೆಯಲ್ಲಿ ಷೇರಿನವರು. ಇವರಿಗೆ ಹೈಸ್ಕೂಲಿನ ಮಾಸ್ತರರೊಬ್ಬರು ಗುರು. ‘ಕಾರ್ಖಾನೆ ನೋಡಿ, ಅದರ ಲೆಕ್ಕ ಓದಿ, ಅಗ್ಗಕ್ಕೆ ಸಿಕ್ಕಾಗ ಷೇರು ತಗಂಡು ಮರ್ತುಬಿಡ್ರಿ’ ಅನ್ನುವುದು ಅವರ ಉಪದೇಶ. ಮರೆಯುವುದಕ್ಕೆ ದುಡ್ಡು ಕೊಡುವುದು ಎಡಗಟ್ಟೆಯವರಿಗೆ ಎಂದೂ ಅರ್ಥವಾಗಲಿಲ್ಲ.

ನಮ್ಮ ಸಾವ್ಕಾರರು ಎಡಗಟ್ಟೆಯ ದೊರೆ. ಎದುರಿಗೇ ಅಂಚೆ ಕಚೇರಿ. ಬಾಂಬೆಯಿಂದ ತಂತಿ ಬಂತೆಂದರೆ ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲವಾದ್ದರಿಂದ ನಾನು ಕಿವಿಯಲ್ಲಿ ಓದಿ ಹೇಳಬೇಕು. ತಂತಿಯಲ್ಲಿ ಏನಿದೆ ಅಂತ ಯಾರೂ ಕೇಳುವಂತಿಲ್ಲ, ಅದು ವ್ಯಾಪಾರದ ಮರ್ಯಾದೆ. ಆದರೆ ಎಡಗಟ್ಟೆ ಇಡೀ ಸಾವ್ಕಾರರ ಮುಖ ನೋಡುತ್ತಿತ್ತು. ಹುಬ್ಬು ಅಲ್ಲಾಡಿದರೆ ಕೊಳ್ಳುವುದು, ಮೀಸೆ ಇಳಿದರೆ ಮಾರುವುದು. ಅದಕ್ಕೇ ಅವರು ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳುವುದನ್ನು ಕಲಿತಿದ್ದರು. ಮನೆಗೆ ಹೋದಾಗಲೂ ಅದೇ ಗೋಡೆಯನ್ನು ಹೊತ್ತುಕೊಂಡು ಹೋಗುತ್ತಿದ್ದರು. ಅವರ ಹೆಂಡತಿಗೆ ಇದ್ದ ಕೊರತೆ ಅದೊಂದೇ.

ಈಗ ನನಗೆ ವಯಸ್ಸಾಗಿದೆ, ಆ ಕಟ್ಟೆಗಳಿಲ್ಲ. ಹತ್ತಿ ಧಾರಣೆ ಏನಾದರೂ ಆಗಲಿ, ಆ ಜನ ಒಂದು ಮಧ್ಯಾಹ್ನದ ಮಟ್ಟಿಗಾದರೂ ಬಂದು ಕೂತು ಎಲೆಯಡಿಕೆ ಹಾಕಿಕೊಳ್ಳಲಿ ಅಂತ ಜೀವ ಹಂಬಲಿಸುತ್ತದೆ. ಬರುವುದಿಲ್ಲ, ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಎಮ್ಮೆ

ಸಾವ್ಕಾರರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಅನ್ನುತ್ತಿದ್ದೆವು. ಕಂಪ್ಲಿಯ ಕಬ್ಬಿನ ತೋಟದವರ ಮಗಳು. ತವರಿನವರು ಮದುವೆಯಲ್ಲಿ ಬಂಗಾರದ ಜೊತೆಗೆ ಒಂದು ಸಕ್ಕರೆ ಕಾರ್ಖಾನೆಯ ಷೇರುಗಳನ್ನೂ ಕೊಟ್ಟಿದ್ದರು. ‘ಕಬ್ಬು ನಮ್ಮದು, ಕಾರ್ಖಾನಿ ಹೊಗಿ ಕಣ್ಣಿಗೆ ಕಾಣ್ತತಿ, ಹೆದರಬ್ಯಾಡ’ ಅಂದಿದ್ದರಂತೆ ಅವರಪ್ಪ. ವರ್ಷಕ್ಕೊಮ್ಮೆ ಸಣ್ಣ ಡಿವಿಡೆಂಡು ಬರುತ್ತಿತ್ತು.

ಒಂದು ದಿನ ಸಾವ್ಕಾರರಿಗೆ ಆ ಷೇರುಗಳನ್ನು ಮಾರಿ ಹತ್ತಿಗೆ ಹಾಕುವ ಹುಕಿ ಬಂತು. ಷೇರಿನ ಕಾಗದ ತರಲು ನನ್ನನ್ನೂ ಮನೆಗೆ ಕರೆದುಕೊಂಡು ಹೋದರು. ನಡುಮನೆಯಲ್ಲಿ ನಿಂತೇ ಹೆಂಡತಿಗೆ ಬುದ್ಧಿ ಹೇಳಿದರು.

‘ನಿನ್ನ ಷೇರು ಒಂದು ಮುದಿ ಎಮ್ಮಿ ಇದ್ದಂಗ. ಓಡಂಗಿಲ್ಲ, ಹಾರಂಗಿಲ್ಲ. ಮೆಲುಕು ಹಾಕ್ಕೋಂತ ಕುಂತಿರ್ತತಿ. ನನ್ನ ಹತ್ತಿ ನೋಡು, ಕುದುರಿ.’

ಅಕ್ಕಾರು ಕಡಗೋಲು ನಿಲ್ಲಿಸದೆ ಮಜ್ಜಿಗೆ ಕಡೆಯುತ್ತಲೇ ಅಂದರು: ‘ಎಮ್ಮಿ ಸಂಜಿಗೆ ಮನಿಗೆ ಬರ್ತತಿ ನೋಡ್ರಿ.’

ಚೋರನೂರಿನ ಪಾಲುದಾರ

ಮಾಸ್ತರರ ಉಪದೇಶ ಕೇಳಿ ಚೋರನೂರಿನ ರೈತನೊಬ್ಬ ಅದೇ ಸಕ್ಕರೆ ಕಾರ್ಖಾನೆಯ ಎರಡು ಷೇರು ಕೊಂಡ. ಕೊಂಡ ವಾರವೇ ಹೆಂಡತಿ, ಇಬ್ಬರು ಅಣ್ಣಂದಿರು, ಊರಿನ ಒಬ್ಬ ಹಿರಿಯ, ಹೊಲ ಅಳೆಯುವ ಹಗ್ಗ, ಇಷ್ಟನ್ನೂ ಗಾಡಿಯಲ್ಲಿ ತುಂಬಿಕೊಂಡು ಬಂದ. ನಮ್ಮ ಅಂಗಡಿಯ ಮುಂದೆ ಇಳಿದು ‘ಮಾಸ್ತರ್ರ, ಬರ್ರಿ, ನೀವೂ ಪಂಚರಾಗಿ ನಿಂದ್ರಬೇಕು’ ಅಂದ.

‘ಯಾತಕ್ಕಪ್ಪ?’

‘ಪಾಲು ಹಂಚ್ಕೊಳ್ಳಾಕ. ಮೊದಲು ಹೋದವರಿಗೆ ಒಳ್ಳೇ ತುಂಡು ಸಿಗತೈತಿ. ನಮ್ಮಪ್ಪ ಸತ್ತಾಗ ನಾನು ತಡ ಮಾಡಿ ಬಂದು ಕಲ್ಲುಹೊಲ ತಗಂಡೀನಿ. ಈ ಸಲ ಹಂಗ ಆಗಬಾರದು.’

ಮಾಸ್ತರರು ಬೆವರು ಒರೆಸಿಕೊಂಡು, ಷೇರು ಅಂದರೆ ಇಡೀ ಕಾರ್ಖಾನೆಯಲ್ಲಿ ಎಲ್ಲರಿಗೂ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹಕ್ಕು, ಇಂಥದ್ದೇ ಜಾಗ ಅಂತ ಇರುವುದಿಲ್ಲ ಅಂತ ಬಿಡಿಸಿ ಹೇಳಿದರು. ಆತ ತಲೆಯಾಡಿಸಿದ. ತಿಳಿಯಿತು ಅಂದುಕೊಂಡೆವು. ಆದರೂ ಇಷ್ಟು ದೂರ ಬಂದವರು ನೋಡಿಯಾದರೂ ಹೋಗಲಿ ಅಂತ ಮಾಸ್ತರರು ಎಲ್ಲರನ್ನೂ ಕಾರ್ಖಾನೆಗೆ ಕರೆದುಕೊಂಡು ಹೋದರು, ನಾನೂ ಹೋದೆ. ಅಲ್ಲಿನ ಮೇಸ್ತ್ರಿ ಒಳ್ಳೆಯ ಮನುಷ್ಯ, ಒಳಗೆಲ್ಲ ತಿರುಗಾಡಿಸಿ ತೋರಿಸಿದ. ರೈತ ಎಲ್ಲ ನೋಡಿದ. ಕೊನೆಗೆ ಹೊರಗೆ ಬಂದು ಚಿಮಣಿಯನ್ನು ಮೇಲಿನಿಂದ ಕೆಳಗೆ ನೋಡಿ, ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದ.

‘ಸ್ವಾಮೇರ, ಎಲ್ಲಾ ಕಡಿ ಸ್ವಲ್ಪ ಸ್ವಲ್ಪ ಅಂತ ಮಾಸ್ತರ್ರು ಅಂದ್ರು. ಆಗ್ಲಿ. ಈ ಕೊಳವಿ ಪಾಲು ನನಗ ಬ್ಯಾಡ, ಇದರಾಗ ಬರೀ ಹೊಗಿ ಬರ್ತತಿ. ಇದರ ಬದ್ಲಿ ಸಕ್ಕರಿ ಬೀಳೋ ಜಾಗದಾಗ ಒಂದೆರಡು ಮೊಳ ಹೆಚ್ಚು ಬರ್ಕೊಳ್ರಿ.’

ಬಾರದ ಹತ್ತಿ

ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಅಕ್ಕಾರ ತವರಿನ ಕಡೆಯ ಸಂಬಂಧಿಕರು. ನಮ್ಮ ಸಾವ್ಕಾರರ ಮಾತಿಗೆ ಮರುಳಾಗಿ ಬಾಂಬೆಯಲ್ಲಿ ಮುಂದಿನ ತಿಂಗಳ ವಾಯಿದೆಗೆ ಹತ್ತಿ ಕೊಂಡರು. ವಾಯಿದೆ ದಿನ ಹತ್ತಿರ ಬಂದಾಗ ಗಿರಣಿಯಲ್ಲಿದ್ದ ಭತ್ತವನ್ನೆಲ್ಲ ಬಂದಷ್ಟಕ್ಕೆ ಮಾರಿ, ನೆಲ ಸಾರಿಸಿ, ಇಲಿ ಬಿಲಕ್ಕೆ ಮಣ್ಣು ತುಂಬಿ, ಹತ್ತಿಯ ಅಂಡಿಗೆ ಇಳಿಸಲು ಹಮಾಲರಿಗೆ ಹೇಳಿ ಕಾದು ಕೂತರು. ಹತ್ತಿ ಬರಲಿಲ್ಲ. ಸಿಟ್ಟಿನಿಂದ ಹೊಸಪೇಟೆಗೆ ಬಂದರು.

ಸಾವ್ಕಾರರು ನಕ್ಕರು. ‘ಹತ್ತಿ ಬರಂಗಿಲ್ರಿ ಮಾವಾರ. ಧಾರಣಿ ಹೆಚ್ಚು ಕಡಿಮಿ ಆದ ಫರಕು ಅಷ್ಟ ಕೊಟ್ಟು ತಗೊಳ್ಳೋದು. ಈ ಸಲ ಬಿದ್ದೈತಿ, ನೀವ ಕೊಡಬೇಕು.’

‘ಹಂಗಾದ್ರ ನಾ ತಗಂಡ ಹತ್ತಿ ಎಲ್ಲೈತಿ?’

‘ಎಲ್ಲೂ ಇಲ್ರಿ.’

‘ನನಗ ಮಾರಿದಾತನ ಹತ್ರ?’

‘ಆತನ ಹತ್ರಾನೂ ಇಲ್ಲ.’

ಮಾವಾರು ರುಮಾಲು ಕೊಡವಿಕೊಂಡು ಎದ್ದರು. ‘ಆತು ಬಿಡಪ್ಪ. ಇಲ್ಲದ ಹತ್ತಿ ನನ್ನ ಗಿರಣಿಯಾಗ ಭಾಳ ದಿನ ಇಟ್ಟೀನಿ. ಅದರ ಬಾಡಿಗಿ ಮುರಕೊಂಡು, ಉಳಿದ ಫರಕು ಹೇಳು.’

ಹಂಪಿಯಲ್ಲಿ ಒಂದು ಮೋಡ

ಅಕ್ಕಾರಿಗೆ ಗಂಡನ ಜೊತೆ ಹಂಪಿಗೆ ಹೋಗಿ, ವಿರೂಪಾಕ್ಷನಿಗೆ ಕಾಯಿ ಒಡೆಸಿ, ಹೊಳೆದಂಡೆಯಲ್ಲಿ ಕೂತು ಬುತ್ತಿ ಉಣ್ಣಬೇಕು ಅಂತ ಬಹಳ ವರ್ಷಗಳ ಆಸೆ. ಹಂಪಿ ಇರುವುದು ಅಷ್ಟು ಹತ್ತಿರ, ಆದರೆ ತಂತಿ ಬರದ ದಿನ ಸಿಗಬೇಕಲ್ಲ. ಕೊನೆಗೆ ಬಾಂಬೆ ಪೇಟೆಗೆ ರಜೆ ಬಂದ ದಿನ ಕುದುರೆಗಾಡಿ ಕಟ್ಟಿಸಿದರು. ಬುತ್ತಿಗಂಟು ಹೊರುವುದಕ್ಕೆ ನಾನು.

ಪೂಜೆ ಆಯಿತು. ಹೊಳೆದಂಡೆಯ ಮಂಟಪದಲ್ಲಿ ಅಕ್ಕಾರು ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಗಲೇ ಮಾತಂಗ ಬೆಟ್ಟದ ತಲೆಯ ಮೇಲೆ ಒಂದು ಮೋಡ ಬಂದು ನಿಂತಿತು. ಪಕ್ಕದ ಬಂಡೆಯ ಮೇಲೆ ಗುಂತಕಲ್ ಕಡೆಯ ಇಬ್ಬರು ವ್ಯಾಪಾರಿಗಳು, ಅದು ಸುರಿಯುತ್ತದೆಯೋ ಇಲ್ಲವೋ ಅಂತ ಬಾಜಿ ಕಟ್ಟಿದರು.

‘ಕೈ ತೊಳಕೊಂಡು ಬರ್ತೀನಿ’ ಅಂತ ಎದ್ದ ಸಾವ್ಕಾರರು ಆ ಬಂಡೆಯ ಮೇಲೆ ಹೋಗಿ ಕೂತವರು ಮೋಡ ಆನೆಗೊಂದಿಯ ಕಡೆ ದಾಟುವವರೆಗೂ ಏಳಲಿಲ್ಲ. ಅಕ್ಕಾರು ಕರೆಯಲಿಲ್ಲ, ನಾನು ಕರೆಯುವುದಕ್ಕೂ ಬಿಡಲಿಲ್ಲ. ಗಂಡನ ತಾಟಿಗೆ ಬಡಿಸಿಟ್ಟು ಕೂತರು. ಅಷ್ಟರಲ್ಲಿ ಮಂಟಪದ ಮೇಲಿನಿಂದ ಒಂದು ಮುಸುವ ಇಳಿದು ಬಂದು ತಾಟಿನ ಮುಂದೆ ಕೂತು ರೊಟ್ಟಿಗೆ ಕೈ ಹಾಕಿತು. ನಾನು ಕೋಲು ಎತ್ತಿದೆ.

‘ಹೊಡೀಬ್ಯಾಡ ತಮ್ಮಾ’ ಅಂದರು ಅಕ್ಕಾರು, ಚಟ್ನಿಯನ್ನು ಅದರ ಕಡೆ ಸರಿಸುತ್ತ. ‘ಬಡಿಸಿದಾಗ ಬಂದು ಕುಂತದ್ದು ಇದೊಂದ.’

ಇಲ್ಲಿಂದ ಇಲ್ಲಿಗೆ

ಆ ವರ್ಷ ಯುದ್ಧದ ಸುದ್ದಿ ಜೋರಾಯಿತು. ಸೊಂಡೂರಿನ ಮ್ಯಾಂಗನೀಸು ಗಣಿಯ ಗುತ್ತಿಗೆದಾರರೊಬ್ಬರು, ಅದಿರಿನಲ್ಲಿ ಗಳಿಸಿದ್ದನ್ನೆಲ್ಲ ತಂದು ಎಡಗಟ್ಟೆಯಲ್ಲಿ ಸುರಿದರು. ಸಾವ್ಕಾರರೂ ಧಾರಣೆ ಏರಿಯೇ ಏರುತ್ತದೆ ಅಂತ ಕೈಯಲ್ಲಿದ್ದುದೆಲ್ಲ ಹಾಕಿ ಕೊಂಡಿದ್ದರು. ಮಧ್ಯಾಹ್ನದ ಊಟಕ್ಕೆ ಹೋಗುವುದನ್ನೇ ಬಿಟ್ಟರು. ಅಂಗಡಿಗೆ ಬುತ್ತಿ ತರಿಸಿ, ಕಣ್ಣು ಅಂಚೆ ಕಚೇರಿಯ ಮೇಲಿಟ್ಟು, ಏನು ತಿಂದೆವು ಅಂತ ತಿಳಿಯದೆ ತಿನ್ನುತ್ತಿದ್ದರು.

ಒಂದು ದಿನ ಬುತ್ತಿ ತರಲು ನಾನು ಮನೆಗೆ ಹೋದಾಗ ಅಕ್ಕಾರು ಬುತ್ತಿ ಕಟ್ಟಿರಲಿಲ್ಲ.

‘ತಮ್ಮಾ, ತಂತಿ ಬಂತಂದ್ರ ಅವರು ಉಣ್ಣೋ ತಾಟು ಬಿಟ್ಟು ಓಡ್ತಾರ. ಹಂಗಾದ್ರ ತಂತಿ ಬಂತಂದ್ರ ತಾಟಿನ ಕಡಿಗೂ ಓಡಿ ಬರಬೌದು. ಒಂದು ತಂತಿ ಕೊಡು. ಅಡಿಗಿ ಆರಾಕತ್ತೈತಿ, ಮನಿಗೆ ಬರ್ರಿ ಅಂತ ಹಾಕು.’

ನಗು ಬಂತು. ಅವರ ಮುಖ ನೋಡಿ ನಿಂತಿತು. ‘ತಂತಿಗೆ ಮಾತು ಎಣಿಸಿ ರೊಕ್ಕ ಹಿಡೀತಾರ, ಅಷ್ಟ ರೊಕ್ಕಕ್ಕ ಇನ್ನೂ ಮೂರ್ನಾಲ್ಕು ಮಾತು ಹಿಡಿತಾವ ಅಕ್ಕಾರ’ ಅಂದೆ.

ಅಕ್ಕಾರು ಒಲೆಯ ಕಡೆ ತಿರುಗಿದರು. ಮದುವೆಯಾದಂದಿನಿಂದ ಗಂಡನಿಗೆ ಹೇಳದೆ ಉಳಿದ ಮಾತುಗಳಲ್ಲಿ ಯಾವುದನ್ನು ಆರಿಸುವುದು ಅಂತ ಯೋಚಿಸುತ್ತಿದ್ದರೇನೋ. ‘ನಾನೂ ಉಂಡಿಲ್ಲ ಅಂತ ಹಾಕು’ ಅಂದರು. ನನ್ನ ಹೆಂಡತಿ ಆಗ ಬಾಣಂತಿತನಕ್ಕೆ ತವರಿನಲ್ಲಿದ್ದಳು, ಖಾನಾವಳಿಯ ಊಟ ನನಗೂ ಸಾಕಾಗಿತ್ತು. ಎರಡು ಮಾತನ್ನೂ ಬರೆದುಕೊಂಡು ಅಂಚೆ ಕಚೇರಿಗೆ ಹೋದೆ.

ತಂತಿ ಗುಮಾಸ್ತ ಫಾರಂ ಓದಿ ಕಿಟಕಿಯಿಂದ ಹೊರಗೆ ನೋಡಿದ. ಎದುರು ಕಟ್ಟೆಯಲ್ಲಿ ಸಾವ್ಕಾರರು ಕಾಣುತ್ತಿದ್ದರು. ‘ಇಲ್ಲಿಂದ ಇಲ್ಲಿಗೇ? ಕೂಗಿದ್ರ ಕೇಳ್ತತಲ್ರಿ.’

‘ಕೇಳ್ತತಿ, ಬರಂಗಿಲ್ಲ’ ಅಂದೆ.

ನಾನು ರಸ್ತೆ ದಾಟಿ ಅಂಗಡಿಯಲ್ಲಿ ಕೂರುವಷ್ಟರಲ್ಲಿ ತಂತಿಯೂ ರಸ್ತೆ ದಾಟಿತು. ಎಡಗಟ್ಟೆ ಉಸಿರು ಬಿಗಿಹಿಡಿಯಿತು. ನಾನು ಸಾವ್ಕಾರರ ಕಿವಿಯಲ್ಲಿ ಓದಿದೆ. ‘ಯಾರ್ದು?’ ಅಂದರು ಮೆಲ್ಲಗೆ. ‘ಮನಿಯಿಂದ್ರಿ’ ಅಂದೆ. ಆ ಗೋಡೆಯಂಥ ಮುಖ ಮೊದಲನೇ ಸಲ ಕದಡಿತು. ಸಾವ್ಕಾರರು ಎದ್ದರು, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು, ಯಾರೊಡನೆಯೂ ಮಾತಾಡದೆ ಮನೆಯ ದಾರಿ ಹಿಡಿದರು.

‘ಮುಗೀತು’ ಅಂದರು ಸೊಂಡೂರಿನ ಗುತ್ತಿಗೆದಾರರು. ‘ಬಾಂಬೆ ಬಿತ್ತು.’

‘ಇಲ್ರಿ, ಊಟಕ್ಕ ಹೋಗ್ಯಾರ’ ಅಂದೆ ನಾನು. ಇದ್ದದ್ದನ್ನು ಇದ್ದಹಾಗೆಯೇ ಹೇಳಿದೆ.

‘ಹೌದೌದು, ಊಟಕ್ಕ. ನಮ್ಮನ್ನೇನು ತೊಟ್ಟಿಲ ಕೂಸು ಮಾಡಿಯೇನು? ನಂದು ಮೊದಲು ಮಾರಾಕ ತಂತಿ ಕೊಡೋ.’ ಎಲ್ಲರೂ ಅಂಚೆ ಕಚೇರಿಗೆ ನುಗ್ಗಿದರು. ಎಡಗಟ್ಟೆಯಲ್ಲಿ ಒಬ್ಬರೂ ಉಳಿಯದೆ ಮಾರಿದರು. ಅದೆಲ್ಲ ಮುಗಿದ ಸ್ವಲ್ಪ ಹೊತ್ತಿಗೆ ಬಾಂಬೆಯ ನಿಜವಾದ ತಂತಿ ಬಂತು. ಧಾರಣೆ ನಿಜವಾಗಿಯೂ ಬಿದ್ದಿತ್ತು, ಇನ್ನೂ ಬೀಳುತ್ತಿತ್ತು. ಹೆದರಿ ಮೊದಲೇ ಮಾರಿದವರೆಲ್ಲ ಬಚಾವಾದರು, ಮಾರದೆ ಉಳಿದವರು ಸಾವ್ಕಾರರೊಬ್ಬರೇ.

ನಾನು ಮನೆಗೆ ಓಡಿದೆ. ಸಾವ್ಕಾರರು ಉಣ್ಣುತ್ತಿದ್ದರು, ಅಕ್ಕಾರು ಬಿಸಿ ರೊಟ್ಟಿ ಹಿಡಿದು ನಿಂತಿದ್ದರು. ನನ್ನ ಕೈಯ ಕಾಗದವನ್ನು ಇಬ್ಬರೂ ನೋಡಿದರು. ಅಕ್ಕಾರ ಕೈ ಅಲ್ಲೇ ನಿಂತಿತು. ಸಾವ್ಕಾರರು ತಾಟು ಬಿಟ್ಟು ಓಡುತ್ತಾರೆ, ಆ ರೊಟ್ಟಿ ಹಾಗೇ ಉಳಿಯುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

‘ಏನಂತ?’ ಅಂದರು ಸಾವ್ಕಾರರು.

‘ಬಿದ್ದೈತ್ರಿ. ಈಗ ಎದ್ದು ಬಂದ್ರ ಸ್ವಲ್ಪ ಉಳೀಬೌದು.’

ಅವರು ಕಾಗದ ನೋಡಿದರು, ಹೆಂಡತಿಯನ್ನು ನೋಡಿದರು. ‘ನೀ ಹೋಗಿ ಮಾರಿಬಿಡು, ಬಂದಷ್ಟು ಬರ್ಲಿ’ ಅಂತ ನನಗೆ ಹೇಳಿ, ಅಕ್ಕಾರ ಕಡೆ ತಿರುಗಿದರು. ‘ಇನ್ನೊಂದು ತಾಟು ತಗಂಡು ಬಾ. ನೀನೂ ಕುಂದ್ರು.’

ಬಂದದ್ದು ಹೆಚ್ಚೇನಿರಲಿಲ್ಲ. ಸಾವ್ಕಾರರ ಸಟ್ಟಾ ಅಲ್ಲಿಗೆ ಮುಗಿಯಿತು. ದಲಾಲಿ ವ್ಯಾಪಾರ ಉಳಿಯಿತು, ಅಕ್ಕಾರ ಷೇರು ಉಳಿಯಿತು, ಮಧ್ಯಾಹ್ನದ ಊಟ ಉಳಿಯಿತು.

ಆದರೆ ಎಡಗಟ್ಟೆ ಬಿಡಬೇಕಲ್ಲ. ಆ ತಂತಿ ಸಾವ್ಕಾರರ ಮನೆಯಿಂದಲೇ ಹೋದದ್ದು ಅಂತ ಅಂಚೆ ಕಚೇರಿಯಿಂದ ಸುದ್ದಿ ಹೊರಬಿತ್ತು. ಬಾಂಬೆಗಿಂತ ಮೊದಲು ಧಾರಣೆ ಗೊತ್ತಾಗುವುದು ಅಕ್ಕಾರಿಗೇ ಅಂತ ತೀರ್ಮಾನವಾಯಿತು. ಅವರ ಮನೆಯ ಮುಂದೆ ಜನ ನಿಲ್ಲತೊಡಗಿದರು. ಬೇಳೆ ಸಾರಿನ ವಾಸನೆ ಬಂದರೆ ಕೊಂಡರು, ಸೊಪ್ಪಿನ ವಾಸನೆ ಬಂದರೆ ಮಾರಿದರು. ಉಪವಾಸದ ದಿನ ಹೊಸಪೇಟೆಯಲ್ಲಿ ವ್ಯಾಪಾರವೇ ನಡೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಲಗಟ್ಟೆಯ ಮಾಸ್ತರರು, ಆಯುಷ್ಯದಲ್ಲಿ ಒಂದೂ ಬಾಜಿ ಕಟ್ಟದವರು, ಅತ್ತಿತ್ತ ನೋಡಿ ನನ್ನ ಹತ್ತಿರ ಬಂದರು. ‘ಯಾರಿಗೂ ಹೇಳಬ್ಯಾಡಪ್ಪ. ಅಕ್ಕಾರು ಇವತ್ತು ಏನು ಅಡಿಗಿ ಮಾಡ್ಯಾರ, ಕೇಳಿಕೊಂಡು ಬಾ.’

ನಾನು ಒಳಗೆ ಹೋಗಿ ಕೇಳಿದೆ. ಅಕ್ಕಾರು ಎರಡು ತಾಟು ತೊಳೆಯುತ್ತಿದ್ದರು. ನಕ್ಕರು. ‘ಇವತ್ತೂ ಇಬ್ಬರೂ ಕೂಡಿ ಉಂಡೀವಿ ಅಂತ ಹೇಳು. ಅದಕ್ಕ ಪ್ಯಾಟಿಯಾಗ ಏನು ಧಾರಣಿ ಐತಿ, ಕೇಳು.’

ಹೊರಗೆ ಬಂದು ಹಾಗೆಯೇ ಹೇಳಿದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

‘ಎಷ್ಟ ಬಂದ್ರೂ ಅದನ್ನ ಮಾರಬ್ಯಾಡ್ರಿ ಅನ್ನು’ ಅಂದರು.