ನನ್ನನ್ನು ಹಿಂದೆ ಹಾಕಿದ ಜೀಪಿನವರಿಗೆ

ಪಾಳ್ಯ
ಮಂಗಳವಾರ, 18 ನವೆಂಬರ್ 2003

ಎಸ್ಟೇಟಿನ ಹಸಿರು ಜೀಪಿನವರಾದ ಮಾನ್ಯರೇ,

ತಮ್ಮ ನಾಲ್ಕು ಚಕ್ರಗಳಿಗೂ, ಯಾವ ಕೆಲಸವನ್ನೂ ಮಾಡದೆ ಬೆನ್ನಿಗೆ ಅಂಟಿಕೊಂಡಿರುವ ಐದನೆಯದಕ್ಕೂ ನನ್ನ ನಮಸ್ಕಾರಗಳು. ಮೊದಲಿಗೆ ನನ್ನ ಅಕ್ಷರವನ್ನು ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರಗಳು ಕೂರಬೇಕಾದ ಕಡೆ ಕೂರುವುದಿಲ್ಲ, ಸಾಲುಗಳು ಬೆಳಗೋಡಿನ ಬಸ್ಸು ಹತ್ತಿದವರ ಹಾಗೆ ಒಂದರ ಮೇಲೊಂದು ವಾಲುತ್ತವೆ. ತಮಗೆ ಓದಲು ಬಾರದ ಕಾರಣ ತಪ್ಪು ಹಿಡಿಯಲಾರಿರಿ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಓದಲು ಬರುವವರಿಗಾಗಿ ಇದರ ಇನ್ನೊಂದು ಪ್ರತಿಯನ್ನು ಹಾಲಿನ ಡೇರಿಯ ಗೋಡೆಗೆ ಅಂಟಿಸುತ್ತೇನೆ.

ತಮಗೂ ನನಗೂ ಹಳೆಯ ಪರಿಚಯ. ಎರಡು ವರ್ಷದ ಹಿಂದೆ ಸಿಲ್ವರ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುತ್ತಿದ್ದಾಗ ಏಣಿ ಒಂದು ಕಡೆ ಇಳಿಯಿತು, ನಾನು ಇನ್ನೊಂದು ಕಡೆ ಇಳಿದೆ. ಎರಡು ಕಡೆ ಮುರಿದ ನನ್ನ ಎಡಗಾಲನ್ನು ಹಾಸನದ ಆಸ್ಪತ್ರೆಯವರೆಗೆ ಹೊತ್ತವರು ತಾವೇ. ದಾರಿಯಲ್ಲಿದ್ದ ಒಂದು ಗುಂಡಿಗೂ ಬೇಸರವಾಗದಂತೆ ಎಲ್ಲವನ್ನೂ ಮಾತಾಡಿಸಿಕೊಂಡು ಹೋದಿರಿ. ಅಲ್ಲಿ ಬಡ ರೋಗಿಗಳಿಗೆಂದು ಕೆಲವರು ನಡೆಸುವ ಊಟದ ಮನೆಯ ಮುದ್ದೆ ತಿಂದು ನಲವತ್ತೊಂದು ದಿನ ಮಲಗಿದ್ದೆ.

ಕಾಲು ಕೂಡಿಕೊಂಡಿತು, ಮನಸ್ಸು ಕೂಡಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೆ ಎಂಟು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಯಾರಾದರೂ ಬಂದರೆ ಕಂಬಳಿ ಎಳೆದುಕೊಳ್ಳುತ್ತಿದ್ದೆ. ಅವ್ವ ತಟ್ಟೆ ಇಟ್ಟು ಹಿತ್ತಲಿಗೆ ಹೋಗಿ ಅಳುವುದು ಕೇಳಿಸುತ್ತಿತ್ತು, ಕೇಳಿಸಿದರೂ ಏಳಲು ಆಗುತ್ತಿರಲಿಲ್ಲ. ಕೊನೆಗೆ ಡಾಕ್ಟರು ಮಾತ್ರೆ ಕೊಟ್ಟು, ದಿನವೂ ಸ್ವಲ್ಪ ನಡೆಯಬೇಕು, ಒಬ್ಬರ ಹತ್ತಿರ ಒಂದು ಮಾತಾದರೂ ಆಡಬೇಕು ಎಂದರು. ಆ ಒಬ್ಬರು ಮನುಷ್ಯರೇ ಆಗಿರಬೇಕೆಂದು ಅವರು ಹೇಳದ ಕಾರಣ, ನಾನು ಎಸ್ಟೇಟಿನ ಶೆಡ್ಡಿನವರೆಗೆ ನಡೆದು ತಮ್ಮ ಹತ್ತಿರ ಮಾತಾಡತೊಡಗಿದೆ. ಕಾಲು ಹೇಗಿದೆ ಎಂದು ಕೇಳದೆ ಇದ್ದವರು ಇಡೀ ಹೋಬಳಿಯಲ್ಲಿ ತಾವೊಬ್ಬರೇ. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದ್ದರಿಂದಲೇ ಕಳೆದ ಭಾನುವಾರ ತಾವು ಮಾಡಿದ್ದು ನನಗೆ ಇಷ್ಟು ನಾಟಿದೆ.

ಆ ಊಟದ ಮನೆಯ ಸಹಾಯಕ್ಕೆ ಎಸ್ಟೇಟಿನವರು ಪಾಳ್ಯದಿಂದ ಒಳದಾರಿಗಳಲ್ಲಿ ಸುತ್ತಿ ಬೆಳಗೋಡಿನ ಮೈದಾನಕ್ಕೆ ಇಪ್ಪತ್ತೊಂದು ಕಿಲೋಮೀಟರ್ ಓಟ ಇಟ್ಟಿದ್ದು ತಮಗೆ ಗೊತ್ತೇ ಇದೆ. ನಾನು ಓಟ ಮುಗಿಸಿದರೆ ನಮ್ಮ ಬೀದಿಯ ಮೂವತ್ತೆರಡು ಮನೆಗಳವರೂ ಅಲ್ಲಿಗೆ ಮನೆಗೊಂದು ಕೊಳಗ ರಾಗಿ ಕೊಡುವುದಾಗಿ ಒಪ್ಪಿದ್ದರು. ಎದುರು ಮನೆಯ ಬಸಮ್ಮನವರು ಮಾತ್ರ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಅರ್ಧ ಓಡಿದ್ರೆ ಅರ್ಧ ರಾಗಿ ಅಂತೇನಿಲ್ಲ ಕಣಪ್ಪ. ಪಟ್ಟಿಲಿ ನಿನ್ನ ಹೆಸ್ರು ಬಂದ್ರೆ ರಾಗಿ."

ತಮ್ಮದು ಎಲ್ಲರ ಹಿಂದೆ ಬರುವ ಗಾಡಿ. ಆಗದವರನ್ನು ಹತ್ತಿಸಿಕೊಳ್ಳುವುದು ತಮ್ಮ ಕೆಲಸ, ತಾವು ಯಾರನ್ನು ದಾಟುತ್ತೀರೋ ಅವರು ಓಟದಿಂದ ಹೊರಗೆ ಎಂಬುದು ನಿಯಮ. ಮೂರನೇ ಕಿಲೋಮೀಟರಿನಿಂದ ಕೊನೆಯವನು ನಾನೇ ಆದ್ದರಿಂದ ನಮ್ಮಿಬ್ಬರ ಸಹವಾಸಕ್ಕೆ ಯಾರೂ ಅಡ್ಡ ಬರಲಿಲ್ಲ. ತಾವು ನನ್ನ ಮೀನಖಂಡಕ್ಕೆ ಬಿಸಿಗಾಳಿಯ ಶಾಖ ಕೊಟ್ಟಿರಿ, ನಾನು ನಿದ್ದೆ ಹೋಗದಂತೆ ಹಾರನ್ ಮಾಡಿದಿರಿ. ಓಟ ಬಿಟ್ಟ ಐದು ಜನ ತಮ್ಮೊಳಗೆ ಕೂತು ನನ್ನ ಪಾಲಿನ ಬಾಳೆಹಣ್ಣು ತಿನ್ನುತ್ತಾ, ಉಸಿರು ಹೇಗೆ ಬಿಡಬೇಕೆಂದು ನನಗೆ ಹೇಳಿಕೊಟ್ಟರು. ತಮ್ಮ ಡ್ರೈವರ್ ಗಿಡ್ಡಯ್ಯನವರು ಪ್ರತಿ ತಿರುವಿನಲ್ಲೂ ತಲೆ ಹೊರಗೆ ಹಾಕಿ, "ಹತ್ಕಳೋ ಮಾರಾಯ, ಯಾರ್ಗೂ ಹೇಳಾಕಿಲ್ಲ" ಎನ್ನುತ್ತಿದ್ದರು. ಒಳಗಿನ ಐವರೂ ಹೇಳುವುದಿಲ್ಲವೆಂದು ಆಣೆ ಇಟ್ಟರು.

ಹದಿನೇಳನೇ ಕಿಲೋಮೀಟರಿನಲ್ಲಿ ಕಾಲು ಸೆಳೆದು ಮೋರಿಯ ಮೇಲೆ ಕೂತೆ. ಕೂತ ಮೇಲೆ ಆ ಹಳೆಯದು ಬಂತು. ಮುಖ ಮಾಡಲು ಗೋಡೆ ಹುಡುಕಿದೆ, ಕಾಫಿ ತೋಟದ ಬೇಲಿ ಬಿಟ್ಟು ಏನೂ ಇರಲಿಲ್ಲ. ಆಗ ತಾವು ದಾಟಿ ಹೋಗಬಹುದಿತ್ತು. ಗಿಡ್ಡಯ್ಯನವರು ಇಂಜಿನ್ ಆರಿಸಿ, ಬೇಲಿಯಾಚೆಯ ಕಾಫಿ ಗಿಡ ನೋಡುತ್ತಾ ಕೂತರು. ಎಷ್ಟೋ ಹೊತ್ತಿನ ಮೇಲೆ, "ಈ ಸಲ ಹಣ್ಣು ಚೆನ್ನಾಗ್ ತಿರುಗೈತೆ" ಎಂದರು, ಹೇಳಿದ್ದು ನನಗೋ ಗಿಡಕ್ಕೋ ತಿಳಿಯಲಿಲ್ಲ. ನಾನು ಎದ್ದೆ.

ಅಷ್ಟು ಒಳ್ಳೆಯವರಾದ ತಾವು ಮೈದಾನ ಕಣ್ಣಿಗೆ ಬಿದ್ದ ಮೇಲೆ ಕೆಮ್ಮಿ ನಿಂತುಬಿಟ್ಟಿರಿ. ನಾನು ಹಾಗೇ ಓಡಿಹೋಗಿದ್ದರೆ ಇವತ್ತು ಈ ಪತ್ರವೇ ಇರುತ್ತಿರಲಿಲ್ಲ. ಆದರೆ ನಿಂತ ಗಾಡಿಗೆ ಕೈ ಕೊಡದೆ ಮುಂದೆ ಹೋದವನಿಗೆ ನಮ್ಮ ಕಡೆ ಆಮೇಲೆ ಯಾರೂ ನೀರು ಕೊಡುವುದಿಲ್ಲ. ಒಳಗಿನ ಐವರಿಗೂ ಅದೇ ಗಳಿಗೆಯಲ್ಲಿ ಕಾಲು ಹಿಡಿದುಕೊಂಡಿತು. ಗಿಡ್ಡಯ್ಯನವರು ಪಕ್ಕದಿಂದ ತಳ್ಳಿದರು, ನಾನು ಹಿಂದಿನಿಂದ ತಳ್ಳಿದೆ. ಇಳಿಜಾರು ಸಿಕ್ಕಿದ್ದೇ ತಾವು ಸಂತೋಷದಿಂದ ಉರುಳಿ ಸುಣ್ಣದ ಗೆರೆ ದಾಟಿ ನಿಂತಿರಿ. ತಮ್ಮ ಹಿಂಭಾಗಕ್ಕೆ ಜೋತುಬಿದ್ದಿದ್ದ ನಾನು ಗೆರೆಯ ಮೇಲೆ ಬೋರಲು ಬಿದ್ದೆ.

ಪಟ್ಟಿ ಹಿಡಿದಿದ್ದ ಎಸ್ಟೇಟಿನ ರೈಟರ್ ಮಹಾದೇವಯ್ಯನವರು ನಿಯಮದ ಹಾಳೆ ಎರಡು ಸಲ ಓದಿದರು. "ಜೀಪಿನ ಮೂತಿ ಮುಂದಿತ್ತಲ್ಲ ಬಸವರಾಜು, ನಾನೇನ್ ಮಾಡ್ಲಿ?" ಎಂದು ನನ್ನ ಹೆಸರಿಗೆ ಗೀಟು ಹಾಕಿದರು. ಕೊನೆಗೆ ಬಂದವರಿಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಬಾಡಬಾರದೆಂದು ತಮ್ಮ ಬಾನೆಟ್ಟಿಗೆ ಹಾಕಿದರು. ಮೂವತ್ತೆರಡು ಕೊಳಗ ರಾಗಿ ಅವರವರ ಮನೆಯಲ್ಲೇ ಉಳಿಯಿತು. ನಾನು ಮನೆಗೆ ಬಂದು ಹಳೆಯ ಜಾಗದಲ್ಲೇ ಮಲಗಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ರೈಟರ ಮುಂದೆ ಹಾಜರಾಗಿ, "ನಾನಾಗಿ ಓಡಲಿಲ್ಲ, ಬಸವರಾಜು ತಳ್ಳಿದ" ಎಂದು ಎರಡು ಹಾರನ್ನಿನಲ್ಲಿ ಒಪ್ಪಿಕೊಳ್ಳಬೇಕು. ಅದು ಮರ್ಯಾದೆಗೆ ಕಡಿಮೆ ಎನಿಸಿದರೆ ಸ್ವಂತ ಶಕ್ತಿಯಿಂದ ಹಿಂದಕ್ಕೆ ಬಂದು ಗೆರೆ ಬಿಟ್ಟುಕೊಡಬೇಕು. ಹಾರವನ್ನು ತಾವೇ ಇಟ್ಟುಕೊಳ್ಳಿ, ತಮಗೆ ಒಪ್ಪುತ್ತದೆ.

ಇಷ್ಟಾದರೂ ತಳ್ಳಲು ಕರೆದರೆ ಬರುವ
ತಮ್ಮ ವಿಶ್ವಾಸಿ,
ಬಸವರಾಜು

ಕೊನೆಗೊಂದು ಮಾತು, ಬುಧವಾರ: ಇಂದು ನಸುಕಿನಲ್ಲಿ ಗಿಡ್ಡಯ್ಯನವರು ಬಂದು ನನ್ನ ಕಂಬಳಿ ಎಳೆದರು. ತಾವು ಭಾನುವಾರದಿಂದ ನಿಂತಲ್ಲಿಂದ ಕದಲಿಲ್ಲವಂತೆ. "ಹಿಂದಿನ್ ಗಾಡಿ ಶೆಡ್ಡಿಗೆ ವಾಪಸ್ ಬರೋಗಂಟ ಓಟ ಮುಗ್ದಂಗಲ್ಲ ಅಂತ ಹಾಳೇಲೈತೆ ಕಣೋ, ಏಳು" ಎಂದರು. ಮೊದಲ ಬಸ್ಸಿಗೆ ಬೆಳಗೋಡಿಗೆ ಹೋದೆವು, ಕಣ್ಣಾರೆ ನೋಡಬೇಕೆಂದು ಬಸಮ್ಮನವರೂ ಬಂದರು. ಮಹಾದೇವಯ್ಯನವರು ನಿಯಮದ ಹಾಳೆಯನ್ನು ಮೂರನೇ ಸಲ ಓದಿ, ನನ್ನ ಹೆಸರನ್ನು ಮತ್ತೆ ಬರೆಯಲು ಪೆನ್ನಿನ ಮುಚ್ಚಳ ತೆಗೆದು ನಿಂತರು. ನಾನು ತಮ್ಮ ಹಿಂಭಾಗದಿಂದ ಹೊರಟು, ಬಾಗಿಲು ದಾಟಿ, ಬಾನೆಟ್ಟು ದಾಟಿ, ಎಲ್ಲಿ ತಾವು ಹಿಂದಿನಿಂದ ಬಂದುಬಿಡುತ್ತೀರೋ ಎಂದು ಇನ್ನೂ ನಾಲ್ಕು ಹೆಜ್ಜೆ ಜಾಸ್ತಿಯೇ ಓಡಿ ನಿಂತೆ.