ಗುಳ್ಳ ಕಾಯುವ ಕಾಡತೂಸು

ಬಂದೂಕೇ ಇಲ್ಲದವನಿಗೆ ಕಾಡತೂಸಿನ ಚಿಂತೆ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮನಾ ಆಗಲೇ ಕೇಳಿಯಾಗಿದೆ. ನಾನು ಕಡಲಾಚೆಯ ಮೆಲಾಕಾದ ಮೆಡಿಕಲ್ ಕಾಲೇಜೊಂದರಲ್ಲಿ ಫಾರ್ಮಕಾಲಜಿ ಪಾಠ ಮಾಡುವವನು. ಮೊದಲು ಔಷಧಿ ಯಾವುದೆಂದು ನಿಶ್ಚಯವಾಗಬೇಕು, ಸಿರಿಂಜು ಆಮೇಲೆ. ದೂರದಿಂದ ಕಿರುಪ್ರಾಣಿಗಳನ್ನು ಹೊಡೆಯುವ ಬೇಟೆಗಾರರೂ ಇಂಟರ್ನೆಟ್ಟಿನಲ್ಲಿ ಇದನ್ನೇ ಹೇಳುತ್ತಾರೆ: ಮೊದಲು ಕಾಡತೂಸು ಆರಿಸಿಕೋ, ಬಂದೂಕು ಅದಕ್ಕೆ ತಕ್ಕಂತೆ. ನಾನು ಆರಿಸಿಯೇ ತೀರುವವನಿದ್ದೆ.

ಕಾರಣ ಮಟ್ಟುಗುಳ್ಳ. ಲಾಕ್‌ಡೌನಿನಲ್ಲಿ ವಿಮಾನ ನಿಂತ ಮೇಲೆ ಉಡುಪಿಯಿಂದ ಆ ಬದನೆ ತಂದುಕೊಡುವವರೇ ಇಲ್ಲ. ಹಿಂದಿನ ಸಲ ಊರಿಂದ ತಂದ ಬೀಜ ಹಿತ್ತಲಲ್ಲಿ ಹಾಕಿದ್ದೆವು. ಗಿಡ ಕಾಯಿ ಬಿಟ್ಟಿತು, ಬೇಲಿಯಾಚೆಯ ಎಣ್ಣೆತಾಳೆ ಮರಗಳ ಅಳಿಲುಗಳು ಒಂದೊಂದಾಗಿ ಮುಗಿಸಿದವು. ಕೊನೆಗೆ ಉಳಿದದ್ದು ಒಂದೇ ಗುಳ್ಳ. "ಇದೊಂದನ್ನಾದರೂ ಉಳಿಸಿ ಮಾರಾಯ್ರೆ, ಗುಳ್ಳದ ಹುಳಿ ತಿನ್ನದೆ ನಾಲಿಗೆ ಕೆಟ್ಟು ಹೋಗಿದೆ" ಎಂದಳು ಸುಮನಾ. ನನಗೂ ಹೊಟ್ಟೆ ಉರಿದಿತ್ತು.

ಆನ್‌ಲೈನ್ ಕ್ಲಾಸು ಮುಗಿದ ಕೂಡಲೇ ಅಧ್ಯಯನಕ್ಕೆ ಕೂತೆ. ಟೂ ಟೂ ತ್ರೀ ಎಂಬ ಕಾಡತೂಸು ಅಗ್ಗ, ಹೆಗಲಿಗೆ ಒದೆತವೂ ಕಡಿಮೆ. ಆದರೆ ದೂರ ಹೋದಂತೆ ಗಾಳಿ ಗುಂಡನ್ನು ಬದಿಗೆ ತಳ್ಳುತ್ತದಂತೆ. ಟ್ವೆಂಟಿಟೂ ಟೂಫಿಫ್ಟಿ ಬಲು ವೇಗ, ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತದೆ, ಆದರೆ ನಳಿಗೆ ಬೇಗ ಸವೆಯುತ್ತದೆ. ಇಲ್ಲದ ನಳಿಗೆ ಸವೆದೀತೆಂದು ನನಗೆ ಊಟವೇ ಸೇರಲಿಲ್ಲ. ಟೂ ಫಾರ್ಟಿತ್ರೀಯ ಗುಂಡು ಭಾರ, ಗಾಳಿಗೆ ಜಗ್ಗುವುದಿಲ್ಲ, ಒದೆತ ಮಾತ್ರ ಜಾಸ್ತಿ. ನನ್ನ ಬಲಹೆಗಲು ಮೊದಲೇ ಹಿಡಿದುಕೊಂಡಿದೆ. "ನಮ್ಮ ಹಿತ್ತಲಿನ ಉದ್ದ ಎಷ್ಟು ಉಂಟು?" ಎಂದು ಸುಮನಾ ಕೇಳಿದಳು. ಅಳಿಲು ಎಣ್ಣೆತಾಳೆ ಸಾಲಿನ ಆ ತುದಿಯಲ್ಲಿ ಕೂತಿರುವಾಗಲೇ ಹೊಡೆಯಬೇಕಾದ್ದರಿಂದ ಹಿತ್ತಲಿನ ಉದ್ದ ಲೆಕ್ಕಕ್ಕಿಲ್ಲ ಎಂದೆ. ಹೆಗಲು ಹೋದರೆ ಹೋಗಲಿ, ಟೂ ಫಾರ್ಟಿತ್ರೀಯೇ ಎಂದು ನಿಶ್ಚಯಿಸಿ, ಗುಳ್ಳದ ಕ್ಷೇಮ ವಿಚಾರಿಸಲು ಹಿತ್ತಲಿಗೆ ಇಳಿದೆ.

ಬೇಲಿಯ ಪಕ್ಕ ನೆರೆಮನೆಯ ಸೆಲ್ವಂ ಅಂಕಲ್ ಮಾಸ್ಕ್ ಹಾಕಿ ನಿಂತಿದ್ದರು. ತಮಿಳರು, ನಿವೃತ್ತ ಪೊಲೀಸ್. ಲಾಕ್‌ಡೌನಿನಲ್ಲಿ ಹೊತ್ತು ಹೇಗೆ ಹೋಗುತ್ತದೆ ಎಂದರು. ನನ್ನ ತಮಿಳು ಎಂದರೆ ಕನ್ನಡಕ್ಕೆ ಬಾಲ ಹಚ್ಚಿದ್ದು. "ನಂಬ ವೀಟ್ಲೆ ತೋಟ ಇರುಕ್ಕು ಅಂಕಲ್, ಅದಲೇ ಟೈಮ್ ಪಾಸ್" ಎಂದೆ, ನಮ್ಮ ಮನೆಯಲ್ಲಿ ತೋಟ ಉಂಟು ಎನ್ನುವ ಅರ್ಥದಲ್ಲಿ.

ಅಂಕಲ್ ಆಚೀಚೆ ನೋಡಿ ದನಿ ತಗ್ಗಿಸಿದರು. ಎಲ್ಲಿಂದ ಬಂತು ಎಂದರು. ಬೀಜದ ಮಾತೆಂದುಕೊಂಡೆ. ಊರಿಂದ, ಸೂಟ್‌ಕೇಸಿನಲ್ಲಿ ಪಂಚೆಯೊಳಗೆ ಸುತ್ತಿ ತಂದದ್ದು ಎಂದೆ. ಏರ್‌ಪೋರ್ಟಿನಲ್ಲಿ ಹಿಡಿಯಲಿಲ್ಲವೇ ಎಂದರು. ಯಾರಿಗೂ ಗೊತ್ತೇ ಆಗಲಿಲ್ಲ ಎಂದು ಹೆಮ್ಮೆಯಿಂದ ನಕ್ಕೆ. ಮಾಸ್ಕಿನ ಮೇಲೆ ಕಾಣುವಷ್ಟು ಮುಖ ಅವರದು ಬಿಳುಚಿಕೊಂಡಿತು. "ಡಾಕ್ಟರ್, ಇಲ್ಲಿ ಒಂದು ಸಿಕ್ಕಿದರೂ ಜೈಲು. ಎಲ್ಲಿ ಇಟ್ಟಿದ್ದೀರಿ?" ಎಂದರು. ಮಣ್ಣಲ್ಲಿ ಹೂತಿದ್ದೇನೆ ಎಂದೆ. ಅವರು ಜೇಬಿನಿಂದ ಫೋನು ತೆಗೆದರು.

ಅಷ್ಟರಲ್ಲಿ ಕಿಟಕಿಯಿಂದ ನನ್ನ ಮಾತು ಕೇಳಿಸಿಕೊಂಡ ಸುಮನಾ ಓಡಿ ಬಂದಳು. ಅವಳಿಗೆ ನನಗಿಂತ ತಮಿಳು ಬರುತ್ತದೆ. "ತೋಟ್ಟಂ ಅಂಕಲ್, ತೋಟ್ಟಂ, ಬದನೆಗಿಡ" ಎಂದಳು. ನಾವು ಹೇಳುವ ತೋಟ ತಮಿಳಿನಲ್ಲಿ ತೋಟ್ಟಂ. ಕೊನೆಯ ಮಕಾರ ನುಂಗಿದರೆ ತೋಟ್ಟಾ, ಅಂದರೆ ಕಾಡತೂಸು. ಅಂಕಲ್ ಎದೆ ಹಿಡಿದುಕೊಂಡು ನಕ್ಕರು. ಅಪಾರ್ಥ ಪೂರ್ತಿ ಹೋಗಲೆಂದು ನಾನು ಬೇಲಿಗೆ ಒರಗಿ, ಕನ್ನಡದ ತೋಟಕ್ಕೂ ತಮಿಳಿನ ತೋಟ್ಟಾಕ್ಕೂ ಇರುವ ವ್ಯತ್ಯಾಸವನ್ನು ಮೇಷ್ಟರ ಧಾಟಿಯಲ್ಲಿ ವಿವರಿಸತೊಡಗಿದೆ.

"ರೀ, ಹಿಂದೆ ನೋಡಿ" ಎಂದಳು ಸುಮನಾ, ಬಹಳ ಮೆಲ್ಲಗೆ.

ನನ್ನ ಬೆನ್ನ ಹಿಂದೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಅಳಿಲು ಕೊನೆಯ ಗುಳ್ಳದ ಮೇಲೆ ಕೂತು ತಿನ್ನುತ್ತಿತ್ತು. ಗಾಳಿ ಇರಲಿಲ್ಲ. ನಾನು "ಉಶ್" ಎಂದೆ. ಅದು ಬಾಯಲ್ಲಿದ್ದ ತುಂಡನ್ನು ಪೂರ್ತಿ ಅಗಿದು, ಆಮೇಲೆ ಹೋಯಿತು.

ಸುಮನಾ ಉಳಿದ ಅರ್ಧ ಕಿತ್ತು, ಕಚ್ಚಿದ ಭಾಗ ಕೊಯ್ದು ಬಿಸಾಡಿ, ಹುಳಿ ಮಾಡಿದಳು. ಆ ದಿನಗಳಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಚ್ಚಿ ತೊಳೆಯುತ್ತಿದ್ದ ನಾನು, ಅಳಿಲಿನ ಎಂಜಲನ್ನು ಎರಡನೆಯ ಸಲವೂ ಬಡಿಸಿಕೊಂಡೆ.